ಶಟರ್ ಹಿಂದಿನ ಮನೆ

೭ ಆಗಸ್ಟ್ ೧೯೯೪, ಭಾನುವಾರ

ಅಡುಗೆಮನೆ ಬಾಗಿಲು ಮತ್ತೆ ಕಿರುಗುಟ್ಟುತ್ತಿತ್ತು. ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ಸರಿಹೋಯಿತು. ನಮ್ಮ ಅಡುಗೆಮನೆ ಬಾಗಿಲಲ್ಲ — ಅದು ಹತ್ತು ವರ್ಷದಿಂದ ಕಿರುಗುಟ್ಟುತ್ತಲೇ ಇದೆ, ಅಮ್ಮ ಬೈಯುತ್ತಲೇ ಇದ್ದಾಳೆ. ಇದು ಗೊಂಬೆಮನೆಯದು. ನನ್ನ ಅಂಗೈಯಷ್ಟು ಎತ್ತರದ ಬಾಗಿಲು.

ಕೀಲುಗಳು ಹಳೇ ಕನ್ನಡಕದವು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಕಾಲು ಮುರಿದ ಫ್ರೇಮು ವಾರಕ್ಕೆ ಒಂದೆರಡಾದರೂ ಬೀಳುತ್ತವೆ. ಮಾಲೀಕರು ಎಸೆದದ್ದನ್ನು ಕೇಳಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಇಷ್ಟು ವರ್ಷ ಊರಿನವರ ಮೂಗಿನ ಮೇಲೆ ಕನ್ನಡಕ ಕೂರಿಸಿದ್ದಕ್ಕೆ ಸಿಕ್ಕ ಬೋನಸ್ಸು.

ಇವತ್ತಿನ ಕೆಲಸ ಗೊಂಬೆಮನೆಯ ಹಾಲ್‌ನ ನೆಲ. ಕಾವಿ ಪುಡಿಗೆ ಫೆವಿಕಾಲ್ ಕಲಸಿ ಬಳಿದೆ. ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಕೆಂಪು ಗಾರೆಯ ಹೊಳಪು ಬರಬೇಕು. ನೋಡೋಣ.

ಅಮ್ಮ ಬಂದು ಬಾಗಿಲಲ್ಲಿ ನಿಂತಳು.

"ಮೂವತ್ತೈದು ವರ್ಷದ ಗಂಡ್ಸು, ನೆಲ ಸಾರಿಸ್ಕೊಂಡು ಕೂತಿದ್ದೀಯಲ್ಲೋ ನಾಗಾರ್ಜುನ. ಅದೂ ಯಾರೂ ಇಲ್ದಿರೋ ಮನೇದು."

"ಬಾಡಿಗೆಗೆ ಕೊಡೋಣ ಅಂತ ಕಣಮ್ಮ."

ಎದುರಿಗೆ ನಗಲಿಲ್ಲ. ಹಜಾರದ ಕಡೆಯಿಂದ ನಕ್ಕ ಸದ್ದು ಬಂತು.

೧೦ ಆಗಸ್ಟ್, ಬುಧವಾರ

ಹೊಳಪು ಬಂದಿದೆ! ಬಗ್ಗಿದರೆ ನನ್ನ ಮೂಗು ಕಾಣುತ್ತದೆ.

ಆದರೆ ತೀರಾ ಹೊಸದಾಗಿ ಕಾಣುತ್ತಿತ್ತು. ಬಾಗಿಲಿಂದ ಅಡುಗೆಮನೆಯವರೆಗೆ, ಜನ ಓಡಾಡುವ ದಾರಿಯಲ್ಲಿ, ಹಳೇ ಬನಿಯನ್ ಚೂರಿಂದ ಸ್ವಲ್ಪ ಸವೆಸಿದೆ. ಈಗ ಸರಿ. ಒಲೆ ಹಿಂದಿನ ಗೋಡೆಗೆ ಮೇಣದಬತ್ತಿಯ ಹೊಗೆ ಹಿಡಿಸಿದ್ದೂ ಇದಕ್ಕೇ. ಹೊಸದಾಗಿ ಕಂಡರೆ ಅದು ಅಂಗಡಿ, ಬಳಸಿದ ಹಾಗೆ ಕಂಡರೆ ಮನೆ. ಇದು ನನ್ನದೇ ಸಿದ್ಧಾಂತ. ಕೇಳುವವರು ಯಾರೂ ಇಲ್ಲ, ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಗೊಂಬೆಮನೆಯ ಪೆಟ್ಟಿಗೆ ಅಪ್ಪ ಇದ್ದಾಗ ತಂದ ಬ್ಲ್ಯಾಕ್ ಅಂಡ್ ವೈಟ್ ಟೀವಿಯದು. ಮರದ್ದು, ನಾಲ್ಕು ಕಾಲು, ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರು. ಹೋದ ವರ್ಷ ಪಿಕ್ಚರ್ ಟ್ಯೂಬ್ ಹೋಯಿತು, ಕಲರ್ ಟೀವಿ ಬಂತು. ಹಿನಕಲ್‌ನಿಂದ ರಜಕ್ಕೆ ಬಂದಿದ್ದ ಅಕ್ಕನ ಮಗಳು ಧನುಶ್ರೀ ಖಾಲಿ ಪೆಟ್ಟಿಗೆಯೊಳಗೆ ತಲೆ ತೂರಿಸಿ, "ಮಾಮ, ಇದು ನನ್ ಗೊಂಬೆ ಮನೆ" ಅಂದಳು. ಮಧ್ಯೆ ಪ್ಲೈವುಡ್ ಹಲಗೆ ಹೊಡೆದುಕೊಟ್ಟೆ. ಕೆಳಗೆ ಹಾಲ್, ಅಡುಗೆಮನೆ. ಮೇಲೆ ರೂಮು, ದೇವರಮನೆ. ರಜ ಮುಗಿಯುವಷ್ಟರಲ್ಲಿ ಅವಳಿಗೆ ಸೈಕಲ್ ಹುಚ್ಚು ಹಿಡಿಯಿತು. ನನಗೆ ಹಿಡಿದದ್ದು ಬಿಡಲಿಲ್ಲ.

೨೩ ಆಗಸ್ಟ್, ಮಂಗಳವಾರ

ಗ್ಯಾಸ್ ಸಿಲಿಂಡರ್ ಆಯಿತು. ಮಾತ್ರೆ ಶೀಶೆ, ಕೆಂಪು ಬಣ್ಣ, ಮೇಲೊಂದು ಪೆನ್ನಿನ ಮುಚ್ಚಳದ ತುಂಡು. ಒರಳು ಕಲ್ಲಿಗೆ ಬಳಪದ ಕಲ್ಲನ್ನೇ ಕೆತ್ತಿದೆ. ಗುಂಡು ತಿರುಗುತ್ತದೆ. ಅಮ್ಮ ಕಿರುಬೆರಳಿಟ್ಟು ತಿರುಗಿಸಿ ನೋಡಿ, "ಉಲ್ಟಾ ತಿರುಗ್ಸಿದ್ರೆ ಹಿಟ್ಟು ಆಚೆಗೆ ಬರುತ್ತೆ ಕಣೋ, ಹಳ್ಳ ಆಳ ಸಾಲ್ದು" ಅಂದಳು. ಇನ್ನಷ್ಟು ಕೆತ್ತಿದೆ.

ಬೈಯುತ್ತಾಳೆ. ಬಂದು ನೋಡುವುದನ್ನು ಮಾತ್ರ ಬಿಡುವುದಿಲ್ಲ.

೨೮ ಆಗಸ್ಟ್, ಭಾನುವಾರ

ಚನ್ನಬಸವಯ್ಯನವರು ಬಂದಿದ್ದರು. ಅಂದರೆ ಸಂಬಂಧ ಬಂದಿದೆ. ಅವರು ಸುಮ್ಮನೆ ಕಾಫಿಗೆ ಬಂದದ್ದೇ ಇಲ್ಲ.

ಹುಡುಗಿ ಬೋಗಾದಿಯವಳು. ಹೆಸರು ಪ್ರೇಮಲೀಲಾ. ಮೂವತ್ತೊಂದು ವರ್ಷ. ಒಂದು ದೊಡ್ಡ ಲೈಬ್ರರಿಯ ಬೈಂಡಿಂಗ್ ಸೆಕ್ಷನ್ನಿನಲ್ಲಿ ಕೆಲಸ, ಹರಿದ ಪುಸ್ತಕಕ್ಕೆ ರಟ್ಟು ಕಟ್ಟುವುದು. ತಂದೆ ತಾಯಿ ಇಲ್ಲ, ಸಾಕಿದವರು ದೊಡ್ಡಮ್ಮ ಚೆಲುವಮ್ಮ.

ಅಯ್ಯನವರು ಹೊರಡುವಾಗ ನನ್ನ ರೂಮಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಗಿರಿಜಾಂಬಾ, ಆ ಡಬ್ಬದ ವಿಷ್ಯ ಈ ಸಲ ಆಚೆ ಬರೋದು ಬ್ಯಾಡ ಕಣಮ್ಮ."

ಹೋದ ಸಲ ನಂಜನಗೂಡಿನ ಕಡೆಯವರು ಎಲ್ಲ ಒಪ್ಪಿ ಆಮೇಲೆ ಬೇಡ ಅಂದಿದ್ದರು. ಕಾರಣ ಬೇರೆ ಹೇಳಿದರು. ನಿಜವಾದ ಕಾರಣ ನಾಲ್ಕು ಬಾಯಿ ದಾಟಿ ನಮ್ಮ ಮನೆಗೂ ಬಂತು — "ಹುಡ್ಗ ಗೊಂಬೆ ಆಡ್ತಾನಂತೆ."

ಬೇಜಾರಾಯಿತು ಆಗ. ತುಂಬಾ.

೪ ಸೆಪ್ಟೆಂಬರ್, ಭಾನುವಾರ

ಬೋಗಾದಿಗೆ ಹೋಗಿ ಹುಡುಗಿ ನೋಡಿ ಬಂದೆವು.

ಉಪ್ಪಿಟ್ಟು ತಂದಿಟ್ಟಳು. ಮುಖ ಆಮೇಲೆ ನೋಡಿದೆ, ಮೊದಲು ಕಂಡದ್ದು ಬೆರಳು. ಉಗುರಿನ ಸುತ್ತ ಒಣಗಿದ ಅಂಟು. ಎಷ್ಟು ತೊಳೆದರೂ ಹೋಗದ ಅಂಟು, ನನಗೆ ಗೊತ್ತಿಲ್ಲವೇ. ನನ್ನ ಬೆರಳನ್ನು ತಟ್ಟೆಯ ಕೆಳಗೆ ಮುಚ್ಚಿಕೊಂಡೆ. ಅವಳು ಅದನ್ನೂ ನೋಡಿದಳು ಅನಿಸುತ್ತದೆ.

"ಅಂಗ್ಡಿ ಕೆಲ್ಸ ಮುಗಿದ್ಮೇಲೆ ಏನ್ಮಾಡ್ತೀರಿ?" ಅಂತ ಅವಳೇ ಕೇಳಿದಳು. ಇದ್ದಿದ್ದರಲ್ಲಿ ಒಳ್ಳೇ ಪ್ರಶ್ನೆ. ಹೇಳಲು ಬಾಯಿ ತೆರೆದೆ. ಅಮ್ಮ ಕಾಲು ತುಳಿದಳು.

"ರೇಡಿಯೋ ಕೇಳ್ತೀನಿ" ಅಂದೆ.

ಅವಳ ಮುಖದಲ್ಲಿ ಏನೋ ಒಂದು ದೀಪ ಆರಿತು. ನಿಜ ಹೇಳಬೇಕೆಂದರೆ ನಮ್ಮ ಮನೆಯ ರೇಡಿಯೋ ಕೆಟ್ಟು ಎಷ್ಟೋ ಕಾಲವಾಗಿದೆ.

ಹುಡುಗಿ ಇಷ್ಟವಾದಳು. ಇಲ್ಲಿ ಬರೆದುಕೊಳ್ಳಲು ನಾಚಿಕೆ ಯಾಕೆ? ಇಷ್ಟವಾದಳು.

೧೩ ಸೆಪ್ಟೆಂಬರ್, ಮಂಗಳವಾರ

ಅವರಿಗೂ ಒಪ್ಪಿಗೆಯಂತೆ. ಬರುವ ಭಾನುವಾರ ಮನೆ ನೋಡೋ ಶಾಸ್ತ್ರ. ಹುಡುಗಿ ಬರುವ ಪದ್ಧತಿಯಿಲ್ಲ. ದೊಡ್ಡಮ್ಮ, ಸೋದರಮಾವ ಬಂದು ಗಂಡಿನ ಮನೆ ಹೇಗಿದೆ, ಬಾವಿ ನಲ್ಲಿ ಇದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಾರೆ. ಆಮೇಲೆ ಮಾತು ಪಕ್ಕಾ.

ಕಷ್ಟ ಏನೆಂದರೆ, ಗೌರಿ-ಗಣೇಶ ಹಬ್ಬದ ದಿನ ವೋಲ್ಟೇಜ್ ಏರಿಳಿದು ಕಲರ್ ಟೀವಿ ಢಂ ಅಂತು. ರಿಪೇರಿಗೆ ಹೋಗಿದೆ. ಭಾನುವಾರದೊಳಗೆ ಬರುವ ಹಾಗೆ ಕಾಣುವುದಿಲ್ಲ. ಹಜಾರದಲ್ಲಿ ಸ್ಟ್ಯಾಂಡು ಮಾತ್ರ ಬೋಳಾಗಿ ನಿಂತಿದೆ.

ಅಮ್ಮ ಎರಡು ದಿನದಿಂದ ಆ ಸ್ಟ್ಯಾಂಡನ್ನೇ ನೋಡುತ್ತಿದ್ದಾಳೆ. ನನಗೆ ಭಯ.

೧೭ ಸೆಪ್ಟೆಂಬರ್, ಶನಿವಾರ

ಭಯ ನಿಜವಾಯಿತು.

"ಹೆಂಗೂ ನಿನ್ ಡಬ್ಬಕ್ಕೆ ಶಟರ್ ಐತೆ. ಎಳೆದ್ಬುಟ್ಟು ಹಜಾರದಲ್ಲಿಡು. ಮೇಲೊಂದು ಕಸೂತಿ ಬಟ್ಟೆ, ಹೂದಾನಿ. ಯಾರ್ಗೆ ಗೊತ್ತಾಗುತ್ತೆ? ನಿನ್ ರೂಮಲ್ಲಿ ಇಟ್ರೆ ಇಣುಕಿ ನೋಡ್ತಾರೆ. ಹಜಾರದಲ್ಲಿಟ್ರೆ ಟೀವಿ ಅನ್ಕೋತಾರೆ. ಟೀವಿ ಇಲ್ದಿರೋ ಮನೆ ಅಂತಾನೂ ಅನ್ನಂಗಿಲ್ಲ."

"ಒಂದು ಕಲ್ಲಿಗೆ ಎರಡು ಹಕ್ಕಿ."

"ಬಾಯ್ಮುಚ್ಚು. ಹಿಡ್ಕೋ ಆ ಕಡೆ."

ಇಬ್ಬರೂ ಸೇರಿ ಎತ್ತಿದೆವು. ಒಳಗೆ ಒರಳು ಕಲ್ಲು ಉರುಳಿದ ಸದ್ದಾಯಿತು. ಇಳಿಸಿ, ಶಟರ್ ಎಳೆಯುವ ಮೊದಲು ಒಳಗಿನದನ್ನೆಲ್ಲ ಮತ್ತೆ ಜೋಡಿಸಿದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಮೆತ್ತಗೆ ಅಂದಳು — "ಮದ್ವೆ ಆದ್ಮೇಲೆ ಧನೂಗೆ ಕೊಟ್ಬುಡು ಮಗ. ಅವಳಿಗೆ ಅಂತ ತಾನೇ ಮಾಡಿದ್ದು."

ಮದುವೆ ಬೇಕು. ಮನೆಯೂ ಬೇಕು. ಎರಡರಲ್ಲೊಂದು ಅಂತ ಯಾರು ಕಾನೂನು ಮಾಡಿದರೋ. ಶಟರ್ ಎಳೆದೆ.

೧೮ ಸೆಪ್ಟೆಂಬರ್, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ನಗು ಬರುತ್ತಿದೆ, ಅಳುವೂ ಬರುತ್ತಿದೆ.

ಚೆಲುವಮ್ಮನವರು, ಹುಡುಗಿಯ ಸೋದರಮಾವ ಮಹದೇವಪ್ರಸಾದ್, ಜೊತೆಗೆ ಚನ್ನಬಸವಯ್ಯನವರು. ಹಿತ್ತಲು ನೋಡಿದರು, ನಲ್ಲಿ ತಿರುಗಿಸಿದರು, ತಾರಸಿ ಹತ್ತಿಳಿದರು. ಎಲ್ಲ ಚೆನ್ನಾಗಿಯೇ ಇತ್ತು. ಹಜಾರದಲ್ಲಿ ಕೂತು ಕೇಸರಿಬಾತು ತಿನ್ನುವಾಗ ಮಾವನವರು ಗಡಿಯಾರ ನೋಡಿದರು.

"ಟೀವಿ ಹಾಕಿ ಸ್ವಲ್ಪ. ಭಾನ್ವಾರದ್ ಸಿನ್ಮಾ ಶುರುವಾಗಿರುತ್ತೆ."

ಭಾನುವಾರ ಮಧ್ಯಾಹ್ನದ ಮೇಲೆ ಮೈಸೂರಿನಲ್ಲಿ ಯಾರ ಮನೆಗೆ ಯಾರು ಹೋದರೂ ಕೇಳುವ ಮಾತು. ಇದೊಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅಮ್ಮ ಥಟ್ಟನೆ, "ಕರೆಂಟಿಲ್ಲ ಕಣ್ರೀ" ಅಂದಳು.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಎಲ್ಲರೂ ಕತ್ತೆತ್ತಿ ನೋಡಿದರು. ಅಮ್ಮನೂ ನೋಡಿದಳು. "ಫ್ಯಾನ್‌ಗೆ ಮಾತ್ರ ಇದೆ" ಅಂದಳು. ಚನ್ನಬಸವಯ್ಯನವರಿಗೆ ಕೇಸರಿಬಾತು ನೆತ್ತಿಗೆ ಹತ್ತಿತು.

"ಪ್ಲಗ್ ಲೂಸಾಗಿರ್ಬೇಕು ತಡೀರಿ" ಅಂತ ಮಾವನವರು ಏಳುವಷ್ಟರಲ್ಲಿ ಹತ್ತಿರ ಕೂತಿದ್ದ ಚೆಲುವಮ್ಮನವರು ಕೈ ಚಾಚಿ ಶಟರ್ ಸರಿಸಿಯೇಬಿಟ್ಟರು.

ನಿನ್ನೆ ಜೋಡಿಸುವಾಗ ಗೊಂಬೆಮನೆಯ ಹಾಲ್‌ಗೆ ದೀಪವಾಗಿ ಹಾಕಿದ್ದ ಟಾರ್ಚ್ ಬಲ್ಬು ಹಚ್ಚಿದ್ದೆ. ಆರಿಸುವುದು ಮರೆತಿದ್ದೆ. ಕರೆಂಟಿಲ್ಲದ ಟೀವಿಯೊಳಗೆ ಮಿಣಮಿಣ ಅಂತ ದೀಪ.

ಮಾವನವರು ಬಗ್ಗಿ ನೋಡಿ, "ಇದ್ಯಾವ ಚಾನೆಲ್ಲು?" ಅಂದರು. ತಮಾಷೆಗೋ ನಿಜಕ್ಕೋ ಇನ್ನೂ ಗೊತ್ತಾಗಿಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಚೆಲುವಮ್ಮನವರು ಮಾತ್ರ ನೆಲದ ಮೇಲೆ ಕೂತುಬಿಟ್ಟರು. ಬಗ್ಗಿದೊಡನೆ ಕನ್ನಡಕ ಜಾರಿತು. ಮತ್ತೆ ಏರಿಸಿದರು, ಮತ್ತೆ ಜಾರಿತು. ಕಣ್ಣೆದುರು ಕನ್ನಡಕ ಜಾರಿದರೆ ನನ್ನಿಂದ ಸುಮ್ಮನಿರಲಾಗುವುದಿಲ್ಲ. ಎಂಥ ಹೊತ್ತಿನಲ್ಲೂ. "ಕೊಡೀಮ್ಮ ಇಲ್ಲಿ" ಅಂದು ಜೇಬಿನ ಸ್ಕ್ರೂಡ್ರೈವರಿಂದ ಕಾಲು ಬಿಗಿ ಮಾಡಿಕೊಟ್ಟೆ. ಹಾಕಿಕೊಂಡು, ಸರಿಯಾಗಿ ಕೂತಿದೆಯೋ ಅಂತ ಕತ್ತು ಆಡಿಸಿ, ಒಳಗೆ ನೋಡಿದರು. ತುಂಬ ಹೊತ್ತು.

"ಇದ್ನೆಲ್ಲ ಯಾರಪ್ಪ ಮಾಡಿದ್ದು?"

ಇನ್ನು ರೇಡಿಯೋ ಮಾತು ನಡೆಯುವುದಿಲ್ಲ. "ನಾನೇಮ್ಮ. ಸಾಯಂಕಾಲ ಅಂಗ್ಡಿಯಿಂದ ಬಂದ್ಮೇಲೆ ಇದೇ ನನ್ ಕೆಲ್ಸ."

"ಒಲೆ ಹಿಂದೆ ಮಸಿ ಹಿಡ್ದದೆ."

"ಹಿಡ್ಸಿದ್ದು."

"ಒರಳು ಐತೆ, ಸಿಲಿಂಡ್ರು ಐತೆ, ದೇವ್ರ ಮುಂದೆ ವಿಭೂತಿ ಗಟ್ಟಿ ಐತೆ. ಜನ ಎಲ್ಲಪ್ಪ?"

ನನಗೆ ಮುಖ ಮಾಡಲು ಬರುವುದಿಲ್ಲ. ಪ್ರಯತ್ನಪಟ್ಟ ಗೊಂಬೆಗಳೆಲ್ಲ ಹಲ್ಲು ನೋವು ಬಂದವರ ಹಾಗೆ ಕಾಣುತ್ತಿದ್ದವು, ಎಸೆದೆ. ಅದನ್ನು ಹೇಳಬಹುದಿತ್ತು. ಬಾಯಿಗೆ ಬಂದದ್ದೇ ಬೇರೆ.

"ಹೊರಗಡೆ ಹೋಗಿದ್ದಾರೆ."

"ಯಾವಾಗ ಬತ್ತಾರೆ?"

"ಗೊತ್ತಿಲ್ಲಮ್ಮ."

ನಗಲಿಲ್ಲ ಅವರು. ಶಟರ್ ತಾವೇ ಮುಚ್ಚಿ, ಮೊಣಕಾಲು ಹಿಡಿದು ಎದ್ದರು. "ತಿಳುಸ್ತೀವಿ" ಅಂದರು. ಗೇಟಿನ ಹತ್ತಿರ ಮಾವನವರು ಅಯ್ಯನವರಿಗೆ ಹೇಳಿದ್ದು ಕೇಳಿಸಿತು. "ಹುಡ್ಗ ಒಂಥರಾ ಕಣ್ರೀ."

ಅಮ್ಮ ಉಳಿದ ಕೇಸರಿಬಾತನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಾಳೆ.

೨೮ ಸೆಪ್ಟೆಂಬರ್, ಬುಧವಾರ

ಸುದ್ದಿಯಿಲ್ಲ. ಚನ್ನಬಸವಯ್ಯನವರೂ ಈ ಬೀದಿಯಲ್ಲಿ ಕಾಣುತ್ತಿಲ್ಲ.

"ಪಿತೃಪಕ್ಷ ಅಲ್ವಾ, ಒಳ್ಳೇ ಮಾತು ಆಡಲ್ಲ ಯಾರೂ" ಅಂತ ಅಮ್ಮನ ಸಮಾಧಾನ. ನಮ್ಮ ಮನೆಯಲ್ಲಿ ಪಕ್ಷ ಮಾಡಿದ್ದು ನಾನು ಕಾಣೆ. ಈ ವರ್ಷ ಅಮ್ಮನಿಗೆ ಪಕ್ಷ ಬೇಕಾಗಿದೆ.

ಗೊಂಬೆಮನೆ ಹಜಾರದಲ್ಲೇ ಇದೆ. ರೂಮಿಗೆ ವಾಪಸ್ ಎತ್ತಿಡಲು ಇಬ್ಬರಿಗೂ ಮನಸ್ಸಿಲ್ಲ. ಶಟರ್ ತೆರೆದಿಲ್ಲ.

೨ ಅಕ್ಟೋಬರ್, ಭಾನುವಾರ

ಕಲರ್ ಟೀವಿ ರಿಪೇರಿಯಾಗಿ ಬಂತು. ಈಗ ಬಂದು ಯಾರಿಗೆ ಏನು?

ಅದನ್ನು ಸ್ಟ್ಯಾಂಡಿನ ಮೇಲಿಟ್ಟು, "ಧನೂ ಅಪ್ಪನಿಗೆ ಫೋನ್ ಮಾಡಿ, ಆಟೋ ತಂದು ಈ ಪೆಟ್ಟಿಗೆ ತಗೊಂಡ್ಹೋಗಕ್ಕೆ ಹೇಳ್ತೀನಮ್ಮ" ಅಂದೆ. ರಾತ್ರಿಯೆಲ್ಲ ಯೋಚಿಸಿ ತೀರ್ಮಾನ ಮಾಡಿದ್ದೆ.

ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಏನೂ ಬ್ಯಾಡ."

"ನೀನೇ ಹೇಳಿದ್ಯಲ್ಲ?"

"ಹೇಳ್ದೆ. ಟೀವಿ ಅಂತ ಸುಳ್ಳು ಹೇಳ್ದೋಳು ನಾನು. ಕರೆಂಟಿಲ್ಲ ಅಂದೋಳು ನಾನು. ಆ ಮನೆ ಏನ್ ಮಾಡ್ತು ಪಾಪ? ಅವರು ಒಲ್ಲೆ ಅಂದ್ರೆ ನನ್ ಸುಳ್ಳಿಗೆ ಒಲ್ಲೆ ಅಂದಿರ್ತಾರೆ ಕಣೋ, ಒರಳು ಕಲ್ಲಿಗಲ್ಲ."

ಎದ್ದು ಬಂದು ಶಟರ್ ಎಳೆದಳು. ಧೂಳು. ತನ್ನ ಸೆರಗಿನ ತುದಿಯಿಂದ ನೆಲ ಒರೆಸಿದಳು, ಮೂಲೆಮೂಲೆ. ಆಮೇಲೆ ರಂಗೋಲಿ ಡಬ್ಬಿ ತಂದು, ಊದಿನಕಡ್ಡಿಯ ತುದಿಯಲ್ಲಿ, ಬಾಗಿಲ ಮುಂದೆ ಒಂದು ರಂಗೋಲಿ ಹಾಕಿದಳು. ಎಂಟಾಣೆ ನಾಣ್ಯದಷ್ಟು. ಒಂದು ಎಳೆಯೂ ತಪ್ಪಲಿಲ್ಲ.

ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

೮ ಅಕ್ಟೋಬರ್, ಶನಿವಾರ

ಊರೆಲ್ಲ ದೀಪ. ಅಂಗಡಿಯಲ್ಲಿ ದಸರಾ ನೋಡಲು ಬಂದವರ ನೂಕುನುಗ್ಗಲು, ಎಲ್ಲರಿಗೂ ತಂಪು ಕನ್ನಡಕ ಬೇಕು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಬೋಗಾದಿಯಿಂದ ಕರೆ ಬಂದಿದೆ. ಚೆಲುವಮ್ಮನವರು ಗೊಂಬೆ ಕೂರಿಸಿದ್ದಾರಂತೆ, ನಾಳೆ ಅಮ್ಮ ಗೊಂಬೆ ನೋಡಲು ಬರಬೇಕಂತೆ. ಹೆಂಗಸರು ಹೆಂಗಸರನ್ನು ಕರೆಯುವ ಕರೆ. ನನಗಿಲ್ಲ.

"ಬೇಡ ಅನ್ನೋದಾಗಿದ್ರೆ ಗೊಂಬೆ ನೋಡಕ್ಕೆ ಕರೀತಿದ್ರಾ?" ಅಮ್ಮ.

"ಬೇಡ ಅಂತ ಮರ್ಯಾದೆಯಾಗಿ ಹೇಳಕ್ಕೂ ಕರೀಬೋದು." ನಾನು.

ಇಬ್ಬರೂ ಊಟ ಸರಿಯಾಗಿ ಮಾಡಲಿಲ್ಲ.

೯ ಅಕ್ಟೋಬರ್, ಭಾನುವಾರ

ಅಮ್ಮ ಹೋದ ಮೇಲೆ ಹೊತ್ತು ಹೋಗಲಿಲ್ಲ. ಗೊಂಬೆಮನೆಯ ಕ್ಯಾಲೆಂಡರನ್ನು ಅಕ್ಟೋಬರಿಗೆ ತಿರುಗಿಸಿದೆ. ನಮ್ಮ ಅಡುಗೆಮನೆ ಬಾಗಿಲಿಗೂ ಎಣ್ಣೆ ಬಿಟ್ಟೆ — ಹತ್ತು ವರ್ಷದ ಮೇಲೆ.

ಸಂಜೆ ಬಂದಳು. ಕೈಯಲ್ಲಿ ಗೊಂಬೆ ನೋಡಿದವರಿಗೆ ಕೊಡುವ ಚರ್ಪು ತಿಂಡಿ, ಜೊತೆಗೆ ಒಂದು ಬೆಂಕಿಪೊಟ್ಟಣ. ಪುಸ್ತಕದ ರಟ್ಟಿನ ಒಳಗೆ ಅಂಟಿಸುತ್ತಾರಲ್ಲ, ಅಲೆ ಅಲೆ ಬಣ್ಣದ ಕಾಗದ, ಅದನ್ನು ಸುತ್ತಿದೆ. ಮೂಲೆಗಳು ಕತ್ತಿಯ ಅಲಗಿನಷ್ಟು ಚೂಪು.

"ಹುಡ್ಗಿ ಕೊಟ್ಲು. ನಿಂಗೇ ಕೊಡ್ಬೇಕಂತೆ."

ತೆರೆದೆ.

ಚಪ್ಪಲಿ. ಎರಡು ಜೊತೆ. ಹುಣಸೆ ಬೀಜದಷ್ಟು ಉದ್ದ. ಒಂದು ಜೊತೆ ಕಪ್ಪು ರೆಕ್ಸಿನ್ನಿನದು, ಗಂಡಸಿನದು. ಇನ್ನೊಂದು ಮರೂನ್, ಅದಕ್ಕಿಂತ ಸ್ವಲ್ಪ ಚಿಕ್ಕದು, ಹೆಬ್ಬೆರಳು ತೂರಿಸುವ ಉಂಗುಷ್ಟ ಬೈಂಡಿಂಗ್ ದಾರದ್ದು. ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದೆ. ಹಿಮ್ಮಡಿ ಒಂದು ಕಡೆಗೆ ಸವೆದಿದೆ. ಬೇಕೆಂದೇ ಸವೆಸಿದ್ದಾಳೆ! ಹೊಸ ಚಪ್ಪಲಿಯಲ್ಲ, ಮೆಟ್ಟಿ ಓಡಾಡಿದ ಚಪ್ಪಲಿ. ಒಲೆ ಹಿಂದಿನ ಮಸಿಯ ವಿಷಯ ದೊಡ್ಡಮ್ಮ ಹೇಳಿರಬೇಕು. ನನ್ನ ಸಿದ್ಧಾಂತ ಅವಳಿಗೆ ಯಾರೂ ಹೇಳಿಕೊಡಲಿಲ್ಲ.

"ಏನಂದ್ಲಮ್ಮ?"

"ಅದೇನೋಪ್ಪ. 'ಹೊರಗಡೆ ಹೋಗಿದ್ದೋರು ಬಂದ್ರಂತೆ ಅಂತ ಹೇಳಿ' ಅಂದ್ಲು. ಯಾರು ಹೋಗಿದ್ರು, ಯಾರು ಬಂದ್ರು, ನಂಗೊಂದೂ ಅರ್ಥ ಆಗ್ಲಿಲ್ಲ. ಚೆಲುವಮ್ಮ ಪಕ್ಕದಲ್ಲಿ ನಿಂತು ಒಂದೇ ಸಮ ನಗ್ತಿದ್ರು. ಮಾವನವರು, 'ಇಬ್ರೂ ಒಂಥರಾ ಕಣ್ರೀ, ಸರಿಹೋಯ್ತು ಬುಡಿ' ಅಂದ್ರು."

ಚಪ್ಪಲಿಗಳನ್ನು ಚಿಮಟದಲ್ಲಿ ಹಿಡಿದು ಗೊಂಬೆಮನೆಯ ಹೊಸಿಲ ಹೊರಗೆ, ಅಮ್ಮನ ರಂಗೋಲಿ ತುಳಿಯದ ಹಾಗೆ, ಇಟ್ಟೆ. ಮೊದಲು ಕಪ್ಪು. ಪಕ್ಕದಲ್ಲಿ ಮರೂನ್.

ಮನೆಯೊಳಗೆ ಯಾರೋ ಇದ್ದಾರೆ ಈಗ. ಕಾಣುವುದಿಲ್ಲ, ಅಷ್ಟೇ. ಮುಖ ಮಾಡುವ ಕಷ್ಟವೇ ತಪ್ಪಿತು.

ಅಮ್ಮ ಬಗ್ಗಿ ನೋಡಿದಳು. ಆಗ ಅವಳಿಗೂ ಅರ್ಥವಾಯಿತು. "ಓ" ಅಂದಳು. ಇನ್ನೊಮ್ಮೆ "ಓ" ಅಂದಳು. ಆಮೇಲೆ ಚರ್ಪಿನ ಕಡಲೆ ಉಸಲಿಯನ್ನೆಲ್ಲ ನನ್ನ ತಟ್ಟೆಗೇ ಸುರಿದಳು.

೧೩ ಅಕ್ಟೋಬರ್, ಗುರುವಾರ

ಆಯುಧಪೂಜೆ. ಅಂಗಡಿಯ ಮೆಷಿನ್ನುಗಳಿಗೆಲ್ಲ ಕುಂಕುಮ ಇಟ್ಟು, ಮನೆಗೆ ಬಂದು ನನ್ನ ಚಿಮಟ, ಸ್ಕ್ರೂಡ್ರೈವರ್, ಬ್ಲೇಡಿಗೂ ಇಟ್ಟೆ. ಅಮ್ಮ ಗೊಂಬೆಮನೆಯ ಒರಳಿಗೆ ಒಂದು ಚುಕ್ಕೆ ಕುಂಕುಮ ಇಟ್ಟಳು.

ಚನ್ನಬಸವಯ್ಯನವರು ಬಂದರು. ಬಹಳ ದಿನದ ಮೇಲೆ, ಏನೂ ಆಗಿಲ್ಲವೆಂಬಂತೆ. "ನಾನು ಅವತ್ತೇ ಹೇಳಿರ್ಲಿಲ್ವಾ, ಆ ಡಬ್ಬದಿಂದ್ಲೇ ಮದ್ವೆ ಆಗುತ್ತೆ ಅಂತ?" ಅಮ್ಮ ಅವರಿಗೆ ಎರಡು ಒಬ್ಬಟ್ಟು ಜಾಸ್ತಿಯೇ ಹಾಕಿದಳು. ಸುಳ್ಳಿನ ವಿಷಯದಲ್ಲಿ ಅಮ್ಮ ಈಗ ಧಾರಾಳಿ.

ಇನ್ನೊಂದು ಸುದ್ದಿ ತಂದಿದ್ದರು. ಬರುವ ಭಾನುವಾರ ಚೆಲುವಮ್ಮನವರು ಬರುತ್ತಾರೆ, ಲಗ್ನ ಗೊತ್ತು ಮಾಡುವ ಮಾತಿಗೆ. ಜೊತೆಗೆ ಹುಡುಗಿಯೂ. "ಪದ್ಧತಿ ಇಲ್ಲ ಅಂದೆ ಕಣಮ್ಮ. 'ಮನೆ ನೋಡ್ದೆ ಹೆಂಗೆ ಒಪ್ಪೋದು' ಅಂದ್ಲಂತೆ. ಯಾವ್ ಮನೆ ಅಂತ ನಾನು ಕೇಳಕ್ ಹೋಗ್ಲಿಲ್ಲ."

೧೬ ಅಕ್ಟೋಬರ್, ಭಾನುವಾರ, ಮಧ್ಯಾಹ್ನ

ಶಟರ್ ಬೆಳಿಗ್ಗೆಯಿಂದಲೇ ತೆರೆದಿಟ್ಟಿದ್ದೇನೆ. ಟಾರ್ಚ್ ಬಲ್ಬಿಗೆ ಹೊಸ ಸೆಲ್ಲು. ಕಲರ್ ಟೀವಿ ಪಕ್ಕದಲ್ಲೇ ಇದೆ, ಮಾವನವರು ಬಂದರೆ ಸಿನಿಮಾ ನೋಡಿಕೊಳ್ಳಲಿ. ಕರೆಂಟೂ ಇದೆ. ಫ್ಯಾನಿಗೂ ಟೀವಿಗೂ.

ಅಮ್ಮ ಮೂರನೇ ಸಲ ಸೀರೆ ಬದಲಿಸುತ್ತಿದ್ದಾಳೆ. ನಾನು ಸುಮ್ಮನೆ ಕೂರಲಾರದೆ ಇದನ್ನು ಬರೆಯುತ್ತಿದ್ದೇನೆ. ಈ ಸಲ "ಏನ್ಮಾಡ್ತೀರಿ" ಅಂತ ಕೇಳಿದರೆ ರೇಡಿಯೋ ಅನ್ನುವುದಿಲ್ಲ. ಮೇಲಿನ ರೂಮಿಗೊಂದು ಪುಸ್ತಕದ ಕಪಾಟು ಮಾಡಬೇಕು ಅಂತ ಮನಸ್ಸಿನಲ್ಲಿದೆ. ಪುಸ್ತಕಕ್ಕೆ ರಟ್ಟು ಕಟ್ಟುವುದು ನನಗೆ ಬರುವುದಿಲ್ಲ. ಅದನ್ನೇ ಹೇಳಬೇಕು ಮೊದಲು.

ಗೇಟಿನ ಚಿಲಕದ ಸದ್ದು.

ಅಮ್ಮ "ಬಂದ್ರು ಕಣೋ!" ಅಂತ ಒಳಗಿನಿಂದಲೇ ಕೂಗುತ್ತಿದ್ದಾಳೆ. ಏಳಬೇಕು, ಇನ್ನೂ ಬರೆಯುತ್ತಲೇ ಇದ್ದೇನೆ. ಇಲ್ಲಿಂದ ಕಿಟಕಿಯಲ್ಲಿ ಮೆಟ್ಟಿಲು ಮಾತ್ರ ಕಾಣುತ್ತದೆ. ಚೆಲುವಮ್ಮನವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಹಿಂದೆ ಇನ್ನೊಬ್ಬರು. ಬಗ್ಗಿ, ನನ್ನ ಕಪ್ಪು ಚಪ್ಪಲಿಯನ್ನು ಸ್ವಲ್ಪ ಆಚೆ ಸರಿಸಿ, ಪಕ್ಕದಲ್ಲಿ ತನ್ನದನ್ನು ಬಿಡುತ್ತಿದ್ದಾಳೆ. ಮರೂನ್. ಹಿಮ್ಮಡಿ ಒಂದು ಕಡೆಗೆ —